ಮಾತಿನ ಅರ್ಥವೋ, ಮಾತಿನ ಕೆಲಸವೋ?

ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಭಾಷೆಯನ್ನು ಕುರಿತ ಅಧ್ಯಾಯವನ್ನು ತೆರೆದರೆ ಬಹುಮಟ್ಟಿಗೆ ಒಂದೇ ಬಗೆಯ ತೀರ್ಪು ಕಣ್ಣಿಗೆ ಬೀಳುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1957ರಲ್ಲಿ ‘ವರ್ಬಲ್ ಬಿಹೇವಿಯರ್’ ಎಂಬ ಗ್ರಂಥವನ್ನು ಪ್ರಕಟಿಸಿ, ಮನುಷ್ಯನ ಮಾತೂ ಅವನ ಇತರ ವರ್ತನೆಗಳಂತೆಯೇ ಕಲಿಕೆಯ ನಿಯಮಗಳಿಗೆ ಒಳಪಟ್ಟದ್ದೆಂದು ವಾದಿಸಿದರು. 1959ರಲ್ಲಿ ನೋಮ್ ಚಾಮ್‌ಸ್ಕಿ ಎಂಬ ತರುಣ ಭಾಷಾವಿಜ್ಞಾನಿ ಆ ಗ್ರಂಥವನ್ನು ವಿಮರ್ಶಿಸಿ ಅದರ ತಳಹದಿಯನ್ನೇ ಅಲುಗಿಸಿದರು. ಅಲ್ಲಿಗೆ ಆ ವಿಚಾರ ಮುಗಿಯಿತು. ಪರೀಕ್ಷೆಗೆ ಓದುವ ವಿದ್ಯಾರ್ಥಿ ಈ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾನೆ.

ಈ ಮೂರರಲ್ಲಿ ಮೊದಲಿನ ಎರಡು ನಿಜ, ಮೂರನೆಯದು ನಿಜವಲ್ಲ. ವಾಗ್ವರ್ತನೆಯನ್ನು ಕುರಿತ ಪ್ರಯೋಗಗಳಲ್ಲಿ ಮುಖ್ಯವಾದುವು ನಡೆದದ್ದು 1959ರ ತರುವಾಯವೇ. ಅವುಗಳಿಂದ ಪ್ರಯೋಜನ ಪಡೆದವರು, ಇಂದಿಗೂ ಪಡೆಯುತ್ತಿರುವವರು, ಮಾತು ಬಾರದ ಮಕ್ಕಳು. ಹಾಗೆಂದ ಮಾತ್ರಕ್ಕೆ ಸ್ಕಿನ್ನರರು ಗೆದ್ದರು, ಚಾಮ್‌ಸ್ಕಿಯವರು ಸೋತರು ಎಂದು ನಾವು ಹೇಳಲು ಹೊರಟಿಲ್ಲ. ಒಂದು ವೈಜ್ಞಾನಿಕ ವಿಚಾರದ ಭವಿಷ್ಯವನ್ನು ವಾದದ ಜಾಣ್ಮೆ ನಿರ್ಧರಿಸಬಾರದು, ಪ್ರಯೋಗ ನಿರ್ಧರಿಸಬೇಕು. ಆ ಪ್ರಯೋಗವೂ ವಿಚಾರವನ್ನು ಇಡಿಯಾಗಿ ಎತ್ತಿಹಿಡಿಯದೆ, ಇಡಿಯಾಗಿ ತಳ್ಳಿಹಾಕದೆ, ಅದರ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ವಾಗ್ವರ್ತನೆಯ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನವೆಂಬುದೇ ನಮ್ಮ ಅಭಿಪ್ರಾಯ.

ಆ ಗ್ರಂಥದ ಹುಟ್ಟು ಕುತೂಹಲಕರವಾದುದು. 1904ರಲ್ಲಿ ಜನಿಸಿದ ಸ್ಕಿನ್ನರರು ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯವನ್ನು. ಮೊದಲು ಅವರಿಗಿದ್ದ ಹಂಬಲ ಕಥೆಗಾರರಾಗಬೇಕೆಂಬುದು. ಅದು ಕೈಗೂಡದೆ ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನಕ್ಕೆ ತಿರುಗಿದರು. 1934ರಲ್ಲಿ ಅಲ್ಲಿಯ ಒಂದು ಭೋಜನಕೂಟದಲ್ಲಿ ಅವರು ತತ್ತ್ವಜ್ಞಾನಿ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಅವರ ಪಕ್ಕದಲ್ಲಿ ಕುಳಿತರು. ಮಾತು ವರ್ತನಾವಾದದತ್ತ ಹೊರಳಿತು. ಮನುಷ್ಯನ ಮಿಕ್ಕ ವರ್ತನೆಗಳನ್ನು ವಿಜ್ಞಾನ ವಿವರಿಸಬಹುದು, ಆದರೆ ಮಾತನ್ನು ವಿವರಿಸಲಾರದು ಎಂಬುದು ವೈಟ್‌ಹೆಡ್ ಅವರ ನಿಲುವು. ತಾವು ಕುಳಿತಿರುವ ಮೇಜಿನ ಮೇಲೆ ಯಾವ ಕಪ್ಪು ಚೇಳೂ ಬೀಳುತ್ತಿಲ್ಲವೆಂದು ಅವರು ನುಡಿದು, ತಾವು ಆ ಮಾತನ್ನು ಏಕೆ ಆಡಿದೆವೆಂಬುದನ್ನು ವಿವರಿಸುವಂತೆ ತರುಣ ಸ್ಕಿನ್ನರರಿಗೆ ಸವಾಲು ಹಾಕಿದರು. ಮರುದಿನ ಬೆಳಗ್ಗೆಯೇ ಸ್ಕಿನ್ನರರು ಗ್ರಂಥದ ರೂಪುರೇಖೆಯನ್ನು ಬರೆಯತೊಡಗಿದರು. ಅದು ಮುಗಿದು ಅಚ್ಚಾಗಲು 23 ವರ್ಷಗಳು ಹಿಡಿದುವು.

ಅವರ ವಾದವನ್ನು ತಿಳಿಯಲು ಒಂದು ಪಾರಿಭಾಷಿಕ ಪದ ಅಗತ್ಯ. ಒಂದು ವರ್ತನೆಯ ಬೆನ್ನಿಗೆ ಬರುವ ಫಲ, ಆ ವರ್ತನೆ ಮತ್ತೆ ಮತ್ತೆ ಆಗುವಂತೆ ಮಾಡಿದರೆ, ಅದಕ್ಕೆ ಪುನರ್ಬಲನ ಎಂದು ಹೆಸರು. ಸನ್ನೆಗೋಲನ್ನು ಒತ್ತಿದಾಗ ಕಾಳು ದೊರೆತರೆ ಇಲಿ ಮತ್ತೆ ಅದನ್ನು ಒತ್ತುತ್ತದೆ. ಇಲ್ಲಿ ಫಲ ಬರುವುದು ಯಂತ್ರದಿಂದ. ಮಾತಿನ ವಿಶೇಷವೇನೆಂದರೆ, ಅದರ ಫಲ ಬರುವುದು ಇನ್ನೊಬ್ಬ ಮನುಷ್ಯನ ಮೂಲಕ. ಕೊಡದ ಮುಂದೆ ನಿಂತು ಎಷ್ಟು ಬಾರಿ ‘ನೀರು’ ಎಂದರೂ ಕೊಡ ಬಗ್ಗುವುದಿಲ್ಲ. ತಾಯಿ ಕೇಳಿಸಿಕೊಂಡರೆ ಮಾತ್ರ ಲೋಟ ತುಂಬುತ್ತದೆ. ಹೀಗೆ ಇತರರ ಮಧ್ಯಸ್ಥಿಕೆಯಿಂದ, ಅದಕ್ಕೆಂದೇ ಪಳಗಿದ ಒಂದು ಸಮುದಾಯದ ಮಧ್ಯಸ್ಥಿಕೆಯಿಂದ, ಫಲ ಪಡೆಯುವ ವರ್ತನೆಯೆಲ್ಲವೂ ಸ್ಕಿನ್ನರರ ದೃಷ್ಟಿಯಲ್ಲಿ ವಾಗ್ವರ್ತನೆ. ಬಾಯಿಂದ ಆಡುವ ಮಾತಷ್ಟೇ ಅಲ್ಲದೆ ಕೈಸನ್ನೆ, ಬರವಣಿಗೆ, ಚಿತ್ರವನ್ನು ತೋರಿಸುವುದು, ಇವೆಲ್ಲವೂ ಅದರಲ್ಲಿ ಸೇರುತ್ತವೆ.

ಈಗ ಆ ‘ನೀರು’ ಎಂಬ ಪದವನ್ನೇ ಪರಿಶೀಲಿಸೋಣ. ಬಾಯಾರಿದ ಮಗು ‘ನೀರು’ ಎನ್ನುತ್ತದೆ; ಅದಕ್ಕೆ ಫಲ ಕುಡಿಯುವ ನೀರೇ. ಇದಕ್ಕೆ ಸ್ಕಿನ್ನರರು ಮ್ಯಾಂಡ್ ಎಂಬ ಹೊಸ ಹೆಸರನ್ನಿಟ್ಟರು. ನಾವು ಬೇಡುನುಡಿ ಎನ್ನಬಹುದು. ಬಾಯಾರಿಕೆ ಇಲ್ಲದ ಮಗು ಕೆರೆಯನ್ನು ಕಂಡು ‘ನೀರು’ ಎನ್ನುತ್ತದೆ. ಅದಕ್ಕೆ ಫಲ ‘ಹೌದು ಕಂದ’ ಎಂಬ ಮೆಚ್ಚುಗೆ. ಇದು ಟ್ಯಾಕ್ಟ್, ಎಂದರೆ ಹೆಸರುನುಡಿ. ಅಕ್ಕ ‘ನೀರು’ ಎಂದದ್ದನ್ನು ಕೇಳಿ ತಮ್ಮನೂ ‘ನೀರು’ ಎಂದರೆ ಅದು ಅನುಕರಣನುಡಿ. ಹಲಗೆಯ ಮೇಲೆ ಬರೆದಿರುವ ಅಕ್ಷರಗಳನ್ನು ಕಂಡು ‘ನೀರು’ ಎಂದರೆ ಅದು ಓದುನುಡಿ. ‘ಮೀನು ಎಲ್ಲಿರುತ್ತದೆ?’ ಎಂಬ ಪ್ರಶ್ನೆಗೆ ಉತ್ತರವಾಗಿ ‘ನೀರಿನಲ್ಲಿ’ ಎಂದರೆ, ಅಲ್ಲಿ ನೀರೂ ಇಲ್ಲ, ಬಾಯಾರಿಕೆಯೂ ಇಲ್ಲ. ಒಂದು ಮಾತು ಇನ್ನೊಂದು ಮಾತನ್ನು ಎಳೆದು ತಂದಿದೆ. ಇದನ್ನು ಮಾರುನುಡಿ ಎನ್ನೋಣ. ಇವಲ್ಲದೆ ಸ್ಕಿನ್ನರರು ಇನ್ನೂ ಕೆಲವು ಬಗೆಗಳನ್ನು ಹೇಳಿದ್ದಾರೆ. ನಮ್ಮ ವಿಚಾರಕ್ಕೆ ಇಷ್ಟು ಸಾಕು.

ನಿಘಂಟಿನಲ್ಲಿ ನೋಡಿದರೆ ಈ ಐದು ಸಂದರ್ಭಗಳಲ್ಲಿಯೂ ಪದ ಒಂದೇ, ಅರ್ಥವೂ ಒಂದೇ. ಸ್ಕಿನ್ನರರ ಪ್ರಕಾರವಾದರೋ ಇವು ಐದು ಬೇರೆಬೇರೆ ವರ್ತನೆಗಳು. ಏಕೆಂದರೆ ಅವುಗಳನ್ನು ಹೊರಡಿಸುವ ಸನ್ನಿವೇಶಗಳೂ ಬೇರೆ, ಅವುಗಳನ್ನು ಉಳಿಸುವ ಫಲಗಳೂ ಬೇರೆ. ಪದದೊಳಗೆ ಅರ್ಥವೆಂಬ ವಸ್ತು ಅಡಗಿದೆಯೆಂದು ಹುಡುಕುವ ಬದಲು, ಆ ಪದ ಈ ಗಳಿಗೆಯಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಬೇಕೆಂಬುದೇ ಆ ಗ್ರಂಥದ ತಿರುಳು. ಇದರಿಂದ ಒಂದು ಸ್ಪಷ್ಟವಾದ ಪ್ರಶ್ನೆ ಹೊರಡುತ್ತದೆ: ಒಂದು ಪದವನ್ನು ಒಂದು ಕೆಲಸಕ್ಕೆ ಕಲಿತ ಮಗು, ಅದೇ ಪದವನ್ನು ಇನ್ನೊಂದು ಕೆಲಸಕ್ಕೆ ತಾನಾಗಿ ಬಳಸಬಲ್ಲದೆ, ಅಥವಾ ಅದನ್ನೂ ಬೇರೆಯಾಗಿ ಕಲಿಯಬೇಕೆ? ಪ್ರಯೋಗದಿಂದ ಉತ್ತರಿಸಬಹುದಾದ ಪ್ರಶ್ನೆಯಿದು.

ದುರದೃಷ್ಟದಿಂದ, ಗ್ರಂಥದಲ್ಲಿ ಆ ಉತ್ತರವಿರಲಿಲ್ಲ. ಇಲಿ ಮತ್ತು ಪಾರಿವಾಳಗಳ ಮೇಲೆ ಅತ್ಯಂತ ಕಟ್ಟುನಿಟ್ಟಾದ ಪ್ರಯೋಗಗಳನ್ನು ನಡೆಸಿ ಹೆಸರಾಗಿದ್ದ ಸ್ಕಿನ್ನರರು, ಮಾತಿನ ವಿಷಯದಲ್ಲಿ ಬಹುಮಟ್ಟಿಗೆ ದಿನನಿತ್ಯದ ಮತ್ತು ಸಾಹಿತ್ಯದ ಉದಾಹರಣೆಗಳನ್ನು ವ್ಯಾಖ್ಯಾನಿಸುವುದರಲ್ಲೇ ತೃಪ್ತರಾದರು. ವೈಟ್‌ಹೆಡ್ ಅವರ ಕಪ್ಪು ಚೇಳಿಗೆ ಅವರು ಗ್ರಂಥದ ಕೊನೆಯಲ್ಲಿ ಒಂದು ಸಮಾಧಾನವನ್ನು ಸೂಚಿಸಿದ್ದಾರೆ: ಆ ಹೊತ್ತಿನ ಮಾತುಕತೆಯ ವಿಷಯವಾಗಿದ್ದ ವರ್ತನಾವಾದವೇ ಆ ಚೇಳಾಗಿ ತೋರಿರಬಹುದು ಎಂದು. ಸಮಾಧಾನವೇನೋ ಚಮತ್ಕಾರದಿಂದ ಕೂಡಿದೆ. ಆದರೆ ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಪ್ರಯೋಗಕ್ಕೆ ಅವಕಾಶವೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಗ್ರಂಥ ಪ್ರಕಟವಾಗುವ ಎರಡು ವರ್ಷ ಮೊದಲೇ, 1955ರಲ್ಲಿ, ಜೋಯಲ್ ಗ್ರೀನ್‌ಸ್ಪೂನ್ ಎಂಬ ಸಂಶೋಧಕರು ತಮ್ಮ ಪ್ರಯೋಗವನ್ನು ವರದಿ ಮಾಡಿದ್ದರು. ತೋಚಿದ ಪದಗಳನ್ನು ಒಂದೊಂದಾಗಿ ಹೇಳುತ್ತ ಹೋಗುವಂತೆ ಜನರಿಗೆ ತಿಳಿಸಿ, ಬಹುವಚನದ ನಾಮಪದ ಬಂದಾಗಲೆಲ್ಲ ಅವರು ‘ಹ್ಞೂಂ’ಗುಟ್ಟಿದರು. ಬಹುವಚನಗಳ ಸಂಖ್ಯೆ ಏರಿತು. ಭಾಗವಹಿಸಿದವರು ಗುಟ್ಟನ್ನು ಊಹಿಸಿದ್ದರೇ ಎಂಬ ಬಗ್ಗೆ ಮುಂದೆ ವಿವಾದವೆದ್ದಿತು. ಆದರೂ ಮಾತನ್ನು ಪ್ರಯೋಗಾಲಯಕ್ಕೆ ತರಬಹುದೆಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ಚಾಮ್‌ಸ್ಕಿಯವರ ವಿಮರ್ಶೆ ‘ಲ್ಯಾಂಗ್ವೇಜ್’ ಎಂಬ ಪತ್ರಿಕೆಯಲ್ಲಿ 1959ರಲ್ಲಿ ಹೊರಬಂದಾಗ ಅವರ ವಯಸ್ಸು 30ರ ಆಸುಪಾಸು. ಅವರ ಪೆಟ್ಟು ಬಿದ್ದದ್ದು ಸರಿಯಾದ ಜಾಗಕ್ಕೇ. ಇಲಿಯ ಪೆಟ್ಟಿಗೆಯಲ್ಲಿ ಪ್ರಚೋದನೆ ಯಾವುದು, ಪ್ರತಿಕ್ರಿಯೆ ಯಾವುದು, ಪುನರ್ಬಲನ ಯಾವುದು ಎಂಬುದನ್ನು ಮೊದಲೇ ಗೊತ್ತುಮಾಡಬಹುದು. ಗೋಡೆಯ ಮೇಲಿನ ಒಂದು ಚಿತ್ರವನ್ನು ಕಂಡು ಒಬ್ಬನು ಅದು ಯಾವ ದೇಶದ ಶೈಲಿಯೆಂದು ಹೇಳಬಹುದು, ಇನ್ನೊಬ್ಬನು ಅದು ಓರೆಯಾಗಿ ನೇತಾಡುತ್ತಿದೆ ಎನ್ನಬಹುದು, ಮತ್ತೊಬ್ಬನು ಹಿಂದಿನ ವರ್ಷದ ಪ್ರವಾಸವನ್ನು ನೆನೆಯಬಹುದು. ಮಾತು ಹೊರಬಿದ್ದ ಮೇಲೆ, ಅದಕ್ಕೆ ತಕ್ಕ ಪ್ರಚೋದನೆ ಚಿತ್ರದಲ್ಲಿಯೇ ಇತ್ತೆಂದು ಹೇಳುವುದು ವಿವರಣೆಯಲ್ಲ. ಆದದ್ದಕ್ಕೆ ಹೊಸ ಹೆಸರಿಡುವುದಷ್ಟೇ. ಪ್ರಯೋಗಾಲಯದ ಪದಗಳನ್ನು ಪ್ರಯೋಗಾಲಯದ ಬಿಗಿಯಿಲ್ಲದೆ ಹೊರಗೆ ಬಳಸಿದರೆ ವಿಜ್ಞಾನದ ವೇಷ ಮಾತ್ರ ಉಳಿಯುತ್ತದೆ ಎಂಬ ಈ ಆಕ್ಷೇಪಣೆಯನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ.

ಎರಡನೆಯ ಆಕ್ಷೇಪಣೆ ವ್ಯಾಕರಣವನ್ನು ಕುರಿತದ್ದು. ಮಕ್ಕಳು ತಾವು ಎಂದೂ ಕೇಳಿರದ ವಾಕ್ಯಗಳನ್ನು ಆಡುತ್ತಾರೆ, ಅರ್ಥಮಾಡಿಕೊಳ್ಳುತ್ತಾರೆ. 1958ರಲ್ಲಿ ಜೀನ್ ಬರ್ಕೊ ಎಂಬ ವಿದುಷಿ ಒಂದು ಸೊಗಸಾದ ಪರೀಕ್ಷೆಯಿಂದ ಇದನ್ನು ತೋರಿಸಿದರು. ಹಕ್ಕಿಯಂತಹ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರವನ್ನು ಮಕ್ಕಳಿಗೆ ತೋರಿಸಿ, ಇದು ‘ವಗ್’ ಎಂದರು. ಬಳಿಕ ಅಂತಹವೇ ಎರಡನ್ನು ತೋರಿಸಿ, ಇವು ಏನು ಎಂದು ಕೇಳಿದರು. ಮಕ್ಕಳು ‘ವಗ್ಸ್’ ಎಂದರು. ‘ವಗ್’ ಎಂಬ ಪದವನ್ನು ಜಗತ್ತಿನಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ, ಅದರ ಬಹುವಚನಕ್ಕೆ ಯಾರೂ ಮೆಚ್ಚುಗೆ ಕೊಟ್ಟಿರಲಿಲ್ಲ. ನಮ್ಮ ಮಕ್ಕಳೂ ಹೊಸದೊಂದು ಪದವನ್ನು ಕೇಳಿದ ಕೂಡಲೆ ಅದಕ್ಕೆ ‘ಗಳು’ ಸೇರಿಸಿ ಮಾತಾಡುವುದನ್ನು ಯಾರು ಕಂಡಿಲ್ಲ? 1970ರಲ್ಲಿ ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್‌ಲನ್ ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು. ಅವರು ಗಮನಿಸಿದ ಮನೆಗಳಲ್ಲಿ ತಂದೆತಾಯಿಯರು ಮಗುವಿನ ಮಾತನ್ನು ಮೆಚ್ಚುತ್ತಿದ್ದುದು ಅದು ನಿಜವಾಗಿದ್ದರೆ, ಅಲ್ಲಗಳೆಯುತ್ತಿದ್ದುದು ಅದು ಸುಳ್ಳಾಗಿದ್ದರೆ. ವ್ಯಾಕರಣ ಸರಿಯೋ ತಪ್ಪೋ ಎಂಬುದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮೆಚ್ಚುಗೆಯೊಂದರಿಂದಲೇ ವ್ಯಾಕರಣ ಬರುತ್ತದೆಂಬ ಸರಳ ನಂಬಿಕೆಗೆ ಇದು ತೊಡಕಾಯಿತು.

ಇಷ್ಟಾದ ಮೇಲೆ ವಿಜ್ಞಾನದ ರೀತಿಯಲ್ಲಿ ನಡೆಯಬೇಕಾಗಿದ್ದುದೇನು? ಒಂದು ಪಕ್ಷದವರು ತಮ್ಮ ವರ್ಗೀಕರಣವನ್ನು ಪ್ರಯೋಗಕ್ಕೆ ಒಡ್ಡಬೇಕಾಗಿತ್ತು. ಇನ್ನೊಂದು ಪಕ್ಷದವರು ಆ ಫಲಿತಾಂಶಕ್ಕಾಗಿ ಕಾಯಬೇಕಾಗಿತ್ತು. ಎರಡೂ ಆಗಲಿಲ್ಲ. ಸ್ಕಿನ್ನರರು ಆ ವಿಮರ್ಶೆಗೆ ನೇರವಾದ ಉತ್ತರವನ್ನು ಪ್ರಕಟಿಸಲಿಲ್ಲ. ಕೆನೆತ್ ಮ್ಯಾಕ್‌ಕಾರ್ಕಡೇಲ್ ಅವರ ವಿಸ್ತಾರವಾದ ಪ್ರತ್ಯುತ್ತರ ಬಂದದ್ದು 1970ರಲ್ಲಿ; ಬಂದದ್ದೂ ವರ್ತನಾವಾದಿಗಳು ಓದುವ ಪತ್ರಿಕೆಯಲ್ಲಿ. 1984ರಲ್ಲಿ ಕೆಲವು ಸಂಶೋಧಕರು ಈ ಗ್ರಂಥವನ್ನು ಯಾರುಯಾರು ಉಲ್ಲೇಖಿಸಿದ್ದಾರೆಂದು ಲೆಕ್ಕಹಾಕಿದಾಗ, ಉಲ್ಲೇಖಗಳು ನೂರಾರು ಇದ್ದರೂ ಅದರ ಆಧಾರದ ಮೇಲೆ ಪ್ರಯೋಗ ನಡೆಸಿದವರು ಬೆರಳೆಣಿಕೆಯಷ್ಟು ಮಂದಿ ಎಂಬುದು ಕಂಡುಬಂದಿತು. ಹೊಗಳಿದವರೂ ತೆಗಳಿದವರೂ ಬೇಕಾದಷ್ಟು, ಪರೀಕ್ಷಿಸಿದವರು ವಿರಳ. ಈ ಕಾಲು ಶತಮಾನದ ಅಲಸ್ಯಕ್ಕೆ ಚಾಮ್‌ಸ್ಕಿಯವರನ್ನು ದೂರುವುದು ನ್ಯಾಯವಲ್ಲ. ತಮ್ಮ ಗುರುವಿನ ಗ್ರಂಥವನ್ನು ಪ್ರಯೋಗಕ್ಕೆ ಒಡ್ಡುವ ಹೊಣೆ ಮೊದಲು ಶಿಷ್ಯರದಾಗಿತ್ತು.

ಆ ಕಾಲದಲ್ಲಿಯೂ ಅಲ್ಲೊಂದು ಇಲ್ಲೊಂದು ಒಳ್ಳೆಯ ಕೆಲಸ ನಡೆಯದೆ ಇರಲಿಲ್ಲ. 1968ರಲ್ಲಿ ಡಗ್ಲಸ್ ಗೆಸ್ ಮತ್ತು ಸಂಗಡಿಗರು, ಬುದ್ಧಿಬೆಳವಣಿಗೆ ತೀರ ಕುಂಠಿತವಾಗಿದ್ದ ಒಬ್ಬ ಹುಡುಗಿಗೆ ಇಂಗ್ಲಿಷಿನ ಬಹುವಚನವನ್ನು ಕಲಿಸಿದರು. ಕೆಲವೇ ಪದಗಳಲ್ಲಿ, ಒಂದು ವಸ್ತುವಿಗೆ ಏಕವಚನ, ಎರಡಕ್ಕೆ ಬಹುವಚನ ಹೇಳಿದಾಗ ಪುನರ್ಬಲನ ನೀಡಿದರು. ಬೇಗನೆ ಅವಳು ಕಲಿಸದ ಹೊಸ ಪದಗಳಿಗೂ ತಾನಾಗಿ ಬಹುವಚನವನ್ನು ಸೇರಿಸತೊಡಗಿದಳು. ಬಳಿಕ ಅವರು ಕ್ರಮವನ್ನು ತಲೆಕೆಳಗು ಮಾಡಿ, ಒಂದಕ್ಕೆ ಬಹುವಚನ, ಎರಡಕ್ಕೆ ಏಕವಚನ ಹೇಳಿದಾಗ ಪುನರ್ಬಲನ ನೀಡಿದರು. ಹೊಸ ಪದಗಳೂ ಹಾಗೆಯೇ ತಲೆಕೆಳಗಾದುವು. ಕೊನೆಗೆ ಸರಿಯಾದ ಕ್ರಮವನ್ನು ಮತ್ತೆ ನೆಲೆಗೊಳಿಸಿದರು. ಬರ್ಕೊ ಅವರ ಪರೀಕ್ಷೆ, ಪದಪದಕ್ಕೂ ಮೆಚ್ಚುಗೆ ಬೇಕಿಲ್ಲವೆಂದು ತೋರಿಸಿತು. ಗೆಸ್ ಅವರ ಪ್ರಯೋಗ, ಕೆಲವು ಪದಗಳಿಗೆ ದೊರೆತ ಫಲ ಇಡೀ ವರ್ಗಕ್ಕೇ ಹರಡಬಲ್ಲದೆಂದು ತೋರಿಸಿತು. ಎರಡೂ ನಿಜ. ಎಲ್ಲ ಮಕ್ಕಳೂ ಬಹುವಚನವನ್ನು ಹೀಗೆಯೇ ಕಲಿಯುತ್ತಾರೆಂದು ಎರಡನೆಯದರಿಂದ ಸಿದ್ಧವಾಗುವುದಿಲ್ಲ. ಹೀಗೆ ಕಲಿಸಲು ಸಾಧ್ಯವೆಂದು ಸಿದ್ಧವಾಗುತ್ತದೆ. ತಾನಾಗಿ ಕಲಿಯಲಾರದ ಮಗುವಿಗೆ ಆ ಸಾಧ್ಯತೆ ಅಮೂಲ್ಯವಾದುದು.

1971ರಲ್ಲಿ ಮರ್ರೆ ಸಿಡ್‌ಮನ್ ವರದಿ ಮಾಡಿದ ಪ್ರಯೋಗ ಇನ್ನೂ ಆಶ್ಚರ್ಯಕರವಾದುದು. ಬುದ್ಧಿಮಾಂದ್ಯವಿದ್ದ ಒಬ್ಬ ತರುಣನಿಗೆ ಪದವನ್ನು ಕೇಳಿ ಅದರ ಚಿತ್ರವನ್ನು ಆರಿಸಲು ಬರುತ್ತಿತ್ತು, ಚಿತ್ರವನ್ನು ಕಂಡು ಹೆಸರು ಹೇಳಲೂ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಸಿಡ್‌ಮನ್ ಅವನಿಗೆ ಕಲಿಸಿದ್ದು ಒಂದನ್ನೇ: 20 ಪದಗಳನ್ನು ಕೇಳಿ, ಅವುಗಳ ಅಚ್ಚಿನ ರೂಪವನ್ನು ಆರಿಸುವುದು. ಅದನ್ನು ಕಲಿತ ಮೇಲೆ ಅವನು ಅಚ್ಚಿನ ಪದವನ್ನು ಚಿತ್ರದೊಡನೆ ಹೊಂದಿಸಿದನು, ಗಟ್ಟಿಯಾಗಿ ಓದಿದನು. ಇವೆರಡನ್ನೂ ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ ಕೊಂಡಿಗಳಿಂದ ಕಲಿಸದ ಕೊಂಡಿಗಳು ಹುಟ್ಟುತ್ತವೆಂಬ ಈ ಸಂಗತಿ ಮುಂದೆ ಒಂದು ದೊಡ್ಡ ಸಂಶೋಧನಾ ಕ್ಷೇತ್ರಕ್ಕೆ ನಾಂದಿಯಾಯಿತು. ಇದನ್ನು ಸ್ಕಿನ್ನರರ ಗ್ರಂಥ ಮುಂಗಂಡಿರಲಿಲ್ಲ.

ವಾಗ್ವರ್ತನೆಯ ಅಧ್ಯಯನಕ್ಕೆ ತನ್ನದೇ ಆದ ನೆಲೆ ದೊರೆತದ್ದು 1980ರ ದಶಕದಲ್ಲಿ. ವೆಸ್ಟರ್ನ್ ಮಿಚಿಗನ್ ವಿಶ್ವವಿದ್ಯಾನಿಲಯದ ಜ್ಯಾಕ್ ಮೈಕೆಲ್ ಅನೇಕ ವರ್ಷಗಳ ಕಾಲ ಆ ಕಠಿಣ ಗ್ರಂಥವನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಅವರ ಶಿಷ್ಯ ಮಾರ್ಕ್ ಸಂಡ್‌ಬರ್ಗ್ 1982ರಲ್ಲಿ ಒಂದು ಸಣ್ಣ ವಾರ್ತಾಪತ್ರವನ್ನು ಹೊರಡಿಸಿದರು; ಅದು 1985ರಲ್ಲಿ ‘ದಿ ಅನಾಲಿಸಿಸ್ ಆಫ್ ವರ್ಬಲ್ ಬಿಹೇವಿಯರ್’ ಎಂಬ ಸಂಶೋಧನಾ ಪತ್ರಿಕೆಯಾಯಿತು. ಅದೇ ವರ್ಷ ಜೂಡಿತ್ ಲಮಾರ್ ಮತ್ತು ಜೇಮ್ಸ್ ಹಾಲಂಡ್, ನಾವು ಮೇಲೆ ಎತ್ತಿದ ಪ್ರಶ್ನೆಯನ್ನೇ ಪ್ರಯೋಗಕ್ಕೆ ಒಡ್ಡಿದರು. ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಕೆಲವು ಮಕ್ಕಳಿಗೆ, ವಸ್ತುವನ್ನು ಎಡಕ್ಕೋ ಬಲಕ್ಕೋ ಇಡುವಂತೆ ಬೇಡಿಕೊಳ್ಳುವುದನ್ನು ಕಲಿಸಿದರು. ಇನ್ನು ಕೆಲವರಿಗೆ ವಸ್ತು ಎಡದಲ್ಲಿದೆಯೋ ಬಲದಲ್ಲಿದೆಯೋ ಎಂಬುದನ್ನು ಹೆಸರಿಸಲು ಕಲಿಸಿದರು. ಮಾತು ಅವೇ. ಆದರೂ ಬೇಡಲು ಕಲಿತ ಮಕ್ಕಳು ಹೆಸರಿಸಲಿಲ್ಲ, ಹೆಸರಿಸಲು ಕಲಿತ ಮಕ್ಕಳು ಬೇಡಲಿಲ್ಲ. ಸ್ಕಿನ್ನರರ ವರ್ಗೀಕರಣ ಬರಿಯ ಪದಜಾಲವಲ್ಲ ಎಂಬುದಕ್ಕೆ, ಗ್ರಂಥ ಹೊರಬಂದು 28 ವರ್ಷಗಳಾದ ಮೇಲೆ, ಹೀಗೆ ಆಧಾರ ದೊರೆಯಿತು. ಆದರೆ ಇದೂ ಕೊನೆಯ ಮಾತಲ್ಲ. ಮುಂದೆ ನಡೆದ ಹಲವು ಪ್ರಯೋಗಗಳಲ್ಲಿ ಒಂದು ಕೆಲಸಕ್ಕೆ ಕಲಿತ ಪದವನ್ನು ಮಕ್ಕಳು ಇನ್ನೊಂದು ಕೆಲಸಕ್ಕೆ ತಾವಾಗಿಯೇ ಬಳಸಿದ್ದುಂಟು. ಎರಡು ನುಡಿಗಳು ಯಾವಾಗ ಬೇರೆಯಾಗಿ ಉಳಿಯುತ್ತವೆ, ಯಾವಾಗ ಕೂಡಿಕೊಳ್ಳುತ್ತವೆ ಎಂಬುದೇ ಈಗಿನ ಪ್ರಶ್ನೆ.

ಇದೆಲ್ಲ ವಿದ್ವಾಂಸರ ಚರ್ಚೆಯೆಂದು ಯಾರಾದರೂ ಭಾವಿಸಬಹುದು. ಸ್ವಲೀನತೆಯುಳ್ಳ ಮಗುವನ್ನು ಬಲ್ಲವರಿಗೆ ಇದರ ಮಹತ್ತ್ವ ಬೇಗ ತಿಳಿಯುತ್ತದೆ. ಅಂತಹ ಮಕ್ಕಳಲ್ಲಿ ಕೆಲವರು ಚಿತ್ರಪುಸ್ತಕವನ್ನು ನೋಡಿ ಹತ್ತಾರು ವಸ್ತುಗಳ ಹೆಸರನ್ನು ಹೇಳುತ್ತಾರೆ. ಹಸಿದಾಗ ಮಾತ್ರ ‘ಅನ್ನ’ ಎನ್ನಲಾರದೆ ಕಿರಿಚುತ್ತಾರೆ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾರೆ. ಪದ ಗೊತ್ತಿದ್ದೂ ಹಟ ಮಾಡುತ್ತಾನೆ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಹೆಸರುನುಡಿ ಬಂದಿದೆ, ಬೇಡುನುಡಿ ಬಂದಿಲ್ಲ ಎಂದು ತಿಳಿದರೆ, ಹಟವೆಂಬ ಆರೋಪ ಹೋಗಿ ಕಲಿಸಬೇಕಾದ ಪಾಠ ಯಾವುದೆಂಬುದು ಗೊತ್ತಾಗುತ್ತದೆ. 1985ರಲ್ಲಿಯೇ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬೆಳವಣಿಗೆಯ ತೊಂದರೆಯಿದ್ದ ನಾಲ್ವರು ಮಕ್ಕಳ ಉಗ್ರ ವರ್ತನೆಯಿಂದ ಅವರಿಗೆ ದೊರೆಯುತ್ತಿದ್ದ ಫಲವೇನೆಂದು ಅವರು ಮೊದಲು ಪರೀಕ್ಷಿಸಿದರು. ಕೆಲವರಿಗೆ ಹಿರಿಯರ ಗಮನ ಬೇಕಾಗಿತ್ತು. ಕೆಲವರಿಗೆ ಕಷ್ಟವಾದ ಪಾಠದಿಂದ ಬಿಡುಗಡೆ ಬೇಕಾಗಿತ್ತು. ಅದೇ ಫಲವನ್ನು ತರಬಲ್ಲ ಮಾತನ್ನು, ಎಂದರೆ ನನ್ನ ಕೆಲಸ ಸರಿಯಾಗಿದೆಯೆ ಎಂದೋ, ನನಗೆ ಅರ್ಥವಾಗಲಿಲ್ಲ ಎಂದೋ ಕೇಳುವುದನ್ನು, ಅವರಿಗೆ ಕಲಿಸಿದಾಗ ಉಗ್ರ ವರ್ತನೆ ತಗ್ಗಿತು. ಕಿರಿಚಾಟವೂ ಒಂದು ಬೇಡುನುಡಿಯೇ ಎಂಬ ತಿಳಿವು ಈ ಶಾಸ್ತ್ರ ನಮಗೆ ಕೊಟ್ಟ ದೊಡ್ಡ ಕಾಣಿಕೆಯೆಂದು ನಾವು ಭಾವಿಸುತ್ತೇವೆ.

ಆದರೆ ಇದೇ ಶಾಸ್ತ್ರದ ಹೆಸರಿನಲ್ಲಿ ನಡೆದ ಅಪಚಾರಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯಲ್ಲಿ ಐವರ್ ಲೋವಾಸ್ 1960ರ ದಶಕದಿಂದ, ಮಾತಾಡದ ಮಕ್ಕಳಿಗೆ ಅನುಕರಣದ ಮೂಲಕ ಮಾತು ಕಲಿಸುವ ಕಾರ್ಯವನ್ನು ಕೈಗೊಂಡರು. ಆ ಕಾಲದಲ್ಲಿ ಅಲ್ಲಿ ಮಕ್ಕಳಿಗೆ ಏಟು ಕೊಟ್ಟದ್ದೂ ವಿದ್ಯುದಾಘಾತ ಕೊಟ್ಟದ್ದೂ ಉಂಟು. 1987ರಲ್ಲಿ ಅವರು, ವಾರಕ್ಕೆ 40 ಗಂಟೆಗಳಂತೆ ಶಿಕ್ಷಣ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಮಕ್ಕಳಂತೆ ಶಾಲೆಯಲ್ಲಿ ಮುಂದುವರಿದರೆಂದು ಪ್ರಕಟಿಸಿದರು. ಅದು ಅನೇಕ ಕುಟುಂಬಗಳಲ್ಲಿ ಭರವಸೆ ಹುಟ್ಟಿಸಿತು. ಆದರೆ ಆ ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಚೀಟಿ ಎತ್ತುವಂತಹ ನಿಷ್ಪಕ್ಷಪಾತ ಕ್ರಮದಿಂದಲ್ಲ. ದೈಹಿಕ ಶಿಕ್ಷೆಯೂ ಆ ಕಾರ್ಯಕ್ರಮದಲ್ಲಿ ಸೇರಿತ್ತು. ಇಂತಹ ತರಬೇತಿಯನ್ನು ಪಡೆದು ಬೆಳೆದ ಸ್ವಲೀನ ವ್ಯಕ್ತಿಗಳಲ್ಲಿ ಹಲವರು ಇಂದು ತಮ್ಮ ಬಾಲ್ಯದ ನೋವನ್ನು ಬಹಿರಂಗವಾಗಿ ಹೇಳುತ್ತಿದ್ದಾರೆ. ಮಾತು ಕಲಿಸುವುದರ ಉದ್ದೇಶ ಮಗುವನ್ನು ನೆರೆಹೊರೆಯವರಿಗೆ ಒಪ್ಪುವಂತೆ ತಿದ್ದುವುದಲ್ಲ. ತನಗೆ ಬೇಕಾದುದನ್ನು ಕೇಳುವ, ಬೇಡವಾದುದನ್ನು ನಿರಾಕರಿಸುವ ಶಕ್ತಿಯನ್ನು ಅದಕ್ಕೆ ಕೊಡುವುದು. ‘ಬೇಡ’ ಎಂಬುದೂ ಬೇಡುನುಡಿಯೇ. ಅದನ್ನು ಕಲಿಸಿ, ಮಗು ಅದನ್ನು ಆಡಿದಾಗ ಕಿವಿಗೊಡದ ಶಿಕ್ಷಕನು ಸ್ಕಿನ್ನರರ ಗ್ರಂಥದ ಮೊದಲ ಪಾಠವನ್ನೇ ಕಲಿತಿಲ್ಲವೆಂದು ಹೇಳಬೇಕಾಗುತ್ತದೆ.

ಶಾಸ್ತ್ರದ ಎಲ್ಲೆಯನ್ನೂ ಹೇಳಿಬಿಡಬೇಕು. 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತು ಸಹೋದ್ಯೋಗಿಗಳು 8 ತಿಂಗಳ ಶಿಶುಗಳಿಗೆ ಅರ್ಥವಿಲ್ಲದ ಅಕ್ಷರಮಾಲೆಯೊಂದನ್ನು ಎರಡು ನಿಮಿಷ ಎಡೆಬಿಡದೆ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ಹೆಚ್ಚಾಗಿ ಬರುತ್ತದೆಂಬುದನ್ನು ಶಿಶುಗಳು ಅಷ್ಟರಲ್ಲಿಯೇ ಗುರುತಿಸಿದ್ದುವು. ಅಲ್ಲಿ ಅವು ಬಾಯಿ ತೆರೆಯಲಿಲ್ಲ, ಯಾರೂ ಮೆಚ್ಚಲಿಲ್ಲ. ಭಾಷೆಯ ಕಲಿಕೆಯಲ್ಲಿ ಬರಿಯ ಕೇಳುವಿಕೆಯಿಂದ ಆಗುವ ಭಾಗವೂ ಉಂಟೆಂಬುದು ಇದರಿಂದ ಸ್ಪಷ್ಟ. ಕೇಳುಗನನ್ನು ಸ್ಕಿನ್ನರರ ಗ್ರಂಥ ಅಲಕ್ಷಿಸಿತ್ತೆಂಬ ಕೊರತೆಯನ್ನು ವರ್ತನಾವಿಜ್ಞಾನಿಗಳೇ ಮನಗಂಡು, ವೇಲ್ಸ್ ದೇಶದ ಪಾಲಿನ್ ಹಾರ್ನ್ ಮತ್ತು ಫರ್ಗಸ್ ಲೋ 1996ರಲ್ಲಿಯೂ, ಸ್ಟೀವನ್ ಹೇಯ್ಸ್ ಮುಂತಾದವರು 2001ರಲ್ಲಿಯೂ ಹೊಸ ಸಿದ್ಧಾಂತಗಳನ್ನು ಮುಂದಿಟ್ಟಿದ್ದಾರೆ. ವಾಗ್ವರ್ತನೆಯ ಬೋಧನಾಕ್ರಮಗಳು ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿವೆ. ಅವುಗಳಿಗೆ ಆಧಾರವಾದ ಪ್ರಯೋಗಗಳಾದರೋ ಬಹುಪಾಲು ಕೆಲವೇ ಮಕ್ಕಳ ಮೇಲೆ ನಡೆದಂಥವು. ಪ್ರಚಾರ ಪ್ರಮಾಣವನ್ನು ಮೀರಬಾರದು.

ಹಾಗಾದರೆ ತೀರ್ಪೇನು? ಮನುಷ್ಯನ ಭಾಷೆಯೆಲ್ಲವನ್ನೂ ವಿವರಿಸಿದ್ದೇವೆಂಬ ದಾವೆಯಾಗಿ ಆ ಗ್ರಂಥ ನಿಲ್ಲಲಾರದು. ಚಾಮ್‌ಸ್ಕಿಯವರ ಆಕ್ಷೇಪಣೆಗಳಲ್ಲಿ ಮುಖ್ಯವಾದುವು ಇಂದಿಗೂ ಉತ್ತರವನ್ನು ಬೇಡುತ್ತವೆ. ಮಾತು ಮಾಡುವ ಕೆಲಸವನ್ನು ವಿಂಗಡಿಸಿ ನೋಡುವ ಕ್ರಮವಾಗಿ ಅದು ನಿಂತಿದೆ. ಕಲಿಸುವವರ ಕೈಯಲ್ಲಿ ಉಪಕರಣವಾಗಿದೆ. ವ್ಯಾಕರಣದ ರಚನೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಒಂದು; ಈ ಮಗು ಈ ಮಾತನ್ನು ಈಗ ಏಕೆ ಆಡಿತು, ಏಕೆ ಆಡಲಿಲ್ಲ ಎಂಬ ಪ್ರಶ್ನೆ ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಲಾರದೆ ಹೋದ ಗ್ರಂಥವನ್ನು, ಎರಡನೆಯದಕ್ಕೂ ನಿಷ್ಪ್ರಯೋಜಕವೆಂದು ಮೂಲೆಗೆ ಎಸೆದದ್ದರಿಂದ ನಷ್ಟವಾದದ್ದು ಸ್ಕಿನ್ನರರಿಗಲ್ಲ. ನಷ್ಟವಾದದ್ದು, ಆ 25 ವರ್ಷಗಳಲ್ಲಿ ಕೇಳಲು ಕಲಿಯಬಹುದಾಗಿದ್ದ, ಆದರೆ ಹೇಗೆ ಕಲಿಸಬೇಕೆಂದು ಯಾರಿಗೂ ತಿಳಿಯದೆ ಹೋದ ಮಕ್ಕಳಿಗೆ.

ವಿದ್ಯಾರ್ಥಿಗಳಿಗೆ ಇದರಲ್ಲಿ ಸ್ವಂತದ ಪಾಠವೂ ಉಂಟು. ಹೃದಯಕ್ಕೆ ನಾಲ್ಕು ಕೋಣೆಗಳೆಂದು ಥಟ್ಟನೆ ಹೇಳುವ ಹುಡುಗನ ಮುಂದೆ ಕುರಿಯ ಹೃದಯವನ್ನು ಸೀಳಿ ಇಟ್ಟರೆ ಒಂದು ಕೋಣೆಯನ್ನೂ ಅವನು ತೋರಿಸಲಾರನು. ಮಾರುನುಡಿ ಬಂದಿದೆ, ಹೆಸರುನುಡಿ ಬಂದಿಲ್ಲ. ಪ್ರಶ್ನೆಪತ್ರಿಕೆಗೆ ಪುಟಗಟ್ಟಲೆ ಉತ್ತರ ಬರೆಯುವವನು, ತಿಳಿಯದುದನ್ನು ತರಗತಿಯಲ್ಲಿ ಎದ್ದು ಕೇಳಲಾರನು. ಅವನಿಗೆ ಬೇಡುನುಡಿಯನ್ನು ಯಾರೂ ಕಲಿಸಿಲ್ಲ. ಕೇಳಿದವನಿಗೆ ಗದರಿಕೆಯೇ ಫಲವಾಗಿ ದೊರೆಯುವಲ್ಲಿ ಅದು ಉಳಿಯುವುದೂ ಇಲ್ಲ. ಪದ ಬಂದಿತೆಂದರೆ ವಿದ್ಯೆ ಬಂದಿತೆಂಬ ಭ್ರಮೆಯಿಂದ ನಮ್ಮ ಶಾಲೆಗಳು ಬಿಡಿಸಿಕೊಳ್ಳಬೇಕಾದರೆ, ಒಂದೇ ಪದಕ್ಕೆ ಹಲವು ಕೆಲಸಗಳುಂಟು, ಒಂದೊಂದನ್ನೂ ಕಲಿಸಬೇಕಾದೀತು ಎಂಬ ವಿವೇಕ ಅಗತ್ಯ.

‘ಸ್ಕಿನ್ನರ್’ ಎಂದೊಡನೆ ‘ಚಾಮ್‌ಸ್ಕಿ ಖಂಡಿಸಿದರು’ ಎಂದು ಒಪ್ಪಿಸುವುದೂ ಒಂದು ಮಾರುನುಡಿಯೇ. ಅದರಿಂದ ಅಂಕಗಳು ದೊರೆಯಬಹುದು. ಆದರೆ ಯಾವ ಮಾತನ್ನು ಖಂಡಿಸಿದರು, ಯಾವ ಪ್ರಯೋಗ ಅದನ್ನು ಎತ್ತಿಹಿಡಿಯಿತು, ಯಾವುದು ಇನ್ನೂ ತೀರ್ಮಾನವಾಗದೆ ಉಳಿದಿದೆ ಎಂದು ಎದ್ದು ಕೇಳುವ ವಿದ್ಯಾರ್ಥಿಯೇ ವಿಜ್ಞಾನದ ಹಾದಿಯಲ್ಲಿ ಮೊದಲ ಹೆಜ್ಜೆಯಿಟ್ಟವನು. ಅಂತಹ ಪ್ರಶ್ನೆಗಳಿಗೆ ಗದರಿಕೆ ಬೀಳದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮೆಲ್ಲರ ಹೊಣೆ.